ಈ ಇಎಕ್ಸ್‌ಇ ಯಾರದ್ದು? ಗೊತ್ತಿಲ್ಲದ ಪ್ರೋಗ್ರಾಂ ಫೈಲ್ ಕಂಡಾಗ ನೋಡಬೇಕಾದ್ದು

ತಂಗಿ ಫೋನ್ ಮಾಡಿದಾಗ ರಾತ್ರಿ ಹತ್ತೂವರೆ.

"ಅಣ್ಣಾ, ಲ್ಯಾಪ್‌ಟಾಪ್ ಸುಮ್ನೆ ಇಟ್ಟಿದ್ರೂ ಫ್ಯಾನ್ ಬುಸುಗುಡ್ತಾ ಇರುತ್ತೆ. ಏನಿದು ಅಂತ ಟಾಸ್ಕ್ ಮ್ಯಾನೇಜರ್ ತೆಗೆದ್ರೆ ತಣ್ಣಗಾಗುತ್ತೆ. ಮುಚ್ಚಿದ ಎರಡೇ ನಿಮಿಷಕ್ಕೆ ಮತ್ತೆ ಶುರು. ಡಿಸ್ಕ್ ಬೇರೆ ತುಂಬಿದೆ ಅಂತ ದೊಡ್ಡ ಫೈಲ್ ಹುಡುಕ್ತಾ ಇದ್ದೆ, ವಿನ್‌ಹೆಲ್ಪ್‌ಹೋಸ್ಟ್ ಅಂತ 700 ಎಂಬಿ ಇಎಕ್ಸ್‌ಇ ಸಿಕ್ತು. ನಾನಂತೂ ಹಾಕಿಲ್ಲ. ಡಿಲೀಟ್ ಮಾಡ್ಲಾ?"

"ಡಿಲೀಟೂ ಬೇಡ, ಡಬಲ್ ಕ್ಲಿಕ್ಕೂ ಬೇಡ. ಶಟ್‌ಡೌನ್ ಮಾಡಿ ಮಲಗು, ಬೆಳಿಗ್ಗೆ ಬರ್ತೀನಿ" ಅಂದೆ.

ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಸುಮ್ಮನಾಗುವುದು ಕ್ರಿಪ್ಟೋ ಮೈನರ್‌ಗಳ, ಅಂದರೆ ನಿಮ್ಮ ಕಂಪ್ಯೂಟರನ್ನು ಕದ್ದು ದುಡಿಸಿ ಬಿಟ್‌ಕಾಯಿನ್ ಥರದ ಹಣ ಗಳಿಸುವ ಪ್ರೋಗ್ರಾಂಗಳ, ಹಳೆಯ ಚಾಳಿ. ಆದರೆ ಅಷ್ಟರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ವಿಂಡೋಸ್ ಕೂಡ ನೀವು ಎದ್ದುಹೋದಾಗ ತನ್ನ ಮನೆಗೆಲಸ ಶುರು ಮಾಡುತ್ತದೆ, ಮೌಸ್ ಅಲುಗಾಡಿಸಿದರೆ ನಿಲ್ಲಿಸುತ್ತದೆ. ಹಾಗಾಗಿ ಫೈಲನ್ನೇ ನೋಡಬೇಕು. ಮರುದಿನ ನಾವಿಬ್ಬರೂ ಕೂತು ನೋಡಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ವಿಂಡೋಸ್ 10 ಮತ್ತು 11 ಎರಡಕ್ಕೂ ಹೊಂದುತ್ತದೆ. ಕಮಾಂಡ್‌ಗಳ ಹೆಸರನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಡಿಲೀಟ್ ಯಾಕೆ ಬೇಡ ಅಂದೆ

2002ರಲ್ಲಿ ಒಂದು ಇಮೇಲ್ ಊರೆಲ್ಲ ಸುತ್ತಿತ್ತು. 'ನಿಮ್ಮ ಕಂಪ್ಯೂಟರಿನಲ್ಲಿ ಕರಡಿ ಮರಿಯ ಚಿತ್ರವಿರುವ ಜೆಡಿಬಿಜಿಎಂಜಿಆರ್ ಎಂಬ ಫೈಲ್ ಇದ್ದರೆ ಅದು ವೈರಸ್, ತಕ್ಷಣ ಅಳಿಸಿ, ಸ್ನೇಹಿತರಿಗೂ ತಿಳಿಸಿ' ಅಂತ. ಜನ ಹುಡುಕಿದರು. ಕರಡಿ ಸಿಕ್ಕಿತು, ಅಳಿಸಿದರು, ನಾಲ್ಕು ಜನಕ್ಕೆ ಕಳಿಸಿದರು. ಅದು ಜಾವಾಗೆ ಸಂಬಂಧಪಟ್ಟ ವಿಂಡೋಸ್‌ನದ್ದೇ ಫೈಲ್. ವೈರಸ್ ಅಂತ ಏನಾದರೂ ಇದ್ದಿದ್ದರೆ ಅದು ಆ ಇಮೇಲ್ ಮಾತ್ರ.

ಮನುಷ್ಯರಷ್ಟೇ ಅಲ್ಲ, ಆಂಟಿವೈರಸ್ಸೂ ಹೀಗೆ ಎಡವಿದ್ದಿದೆ. 2010ರ ಏಪ್ರಿಲ್ 21ರಂದು ಮೆಕಾಫೀಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟ್ ಫೈಲನ್ನೇ ವೈರಸ್ ಅಂದುಕೊಂಡಿತು. ಆ ಫೈಲ್ ಇಲ್ಲದೆ ವಿಂಡೋಸ್ ನಡೆಯುವುದಿಲ್ಲ. ಕಂಪ್ಯೂಟರ್‌ಗಳು ರೀಸ್ಟಾರ್ಟ್ ಆಗುತ್ತಲೇ ಕೂತವು.

ಇನ್ನೊಂದು ಕಾರಣವೂ ಇದೆ. ನಿಜಕ್ಕೂ ಕೆಟ್ಟ ಫೈಲೇ ಆಗಿದ್ದರೆ, ಅದನ್ನು ಅಳಿಸಿದ ಮೇಲೆ ಎಲ್ಲಿಂದ ಬಂತು, ಜೊತೆಗೆ ಇನ್ನೇನು ಬಂದಿದೆ ಅಂತ ಹುಡುಕಲು ತುದಿಯೇ ಸಿಗುವುದಿಲ್ಲ.

ಹೆಸರು ಬಿಡಿ, ಜಾಗ ನೋಡಿ

ಎಲ್ಲರೂ ಮೊದಲು ಮಾಡುವ ಕೆಲಸ ಫೈಲ್ ಹೆಸರನ್ನು ಗೂಗಲ್‌ನಲ್ಲಿ ಹಾಕುವುದು. ಹೆಸರನ್ನು ಯಾರು ಬೇಕಾದರೂ ಇಡಬಹುದು. ಒಳ್ಳೆಯ ಫೈಲ್‌ನ ಹೆಸರೇ ಕೆಟ್ಟದ್ದಕ್ಕೂ ಇರಬಹುದು, ಹಾಗಾಗಿ ಗೂಗಲ್ ಹೇಳುವುದು ಬೇರೆ ಯಾರದೋ ಜಾತಕ. ಹೆಸರಿನಿಂದ ಇರುವ ಪ್ರಯೋಜನ ಒಂದೇ, ಕಾಗುಣಿತದ ಮೋಸ ಹಿಡಿಯಬಹುದು. ಎಸ್‌ವಿಸಿಹೋಸ್ಟ್‌ನಲ್ಲಿ ವಿ ಮತ್ತು ಸಿ ಅದಲುಬದಲಾಗಿರುತ್ತವೆ. ಇಲ್ಲವೇ ಒ ಇರಬೇಕಾದ ಕಡೆ ಸೊನ್ನೆ ಕೂತಿರುತ್ತದೆ. ಎಲ್‌ಎಸ್‌ಎಎಸ್‌ಎಸ್ ಅನ್ನುವ ಸಿಸ್ಟಮ್ ಫೈಲ್‌ನ ಮೊದಲ ಸಣ್ಣ ಎಲ್ ಬದಲು ದೊಡ್ಡ ಐ ಹಾಕಿದರೆ ಕಣ್ಣಿಗೆ ಎರಡೂ ಒಂದೇ ಗೀಟು.

ಜಾಗದ ವಿಷಯದಲ್ಲಿ ಮೋಸ ಮಾಡುವುದು ಇಷ್ಟು ಸುಲಭ ಅಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಡೀಟೇಲ್ಸ್ ಪುಟಕ್ಕೆ ಹೋಗಿ, ಮೇಲಿನ ಕಾಲಂ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿ. ಸೆಲೆಕ್ಟ್ ಕಾಲಮ್ಸ್‌ನಲ್ಲಿ 'ಇಮೇಜ್ ಪಾತ್ ನೇಮ್' ಮತ್ತು 'ಕಮಾಂಡ್ ಲೈನ್' ಎರಡಕ್ಕೂ ಟಿಕ್ ಹಾಕಿ. ಈ ಎರಡು ಕಾಲಂ ಒಮ್ಮೆ ಹಾಕಿಟ್ಟರೆ ಮುಂದೆ ಎಷ್ಟೋ ಸಲ ಉಪಯೋಗಕ್ಕೆ ಬರುತ್ತವೆ.

ಎಸ್‌ವಿಸಿಹೋಸ್ಟ್, ಎಲ್‌ಎಸ್‌ಎಎಸ್‌ಎಸ್, ಸಿಎಸ್‌ಆರ್‌ಎಸ್‌ಎಸ್ ಇವೆಲ್ಲ ಓಡಬೇಕಾದ್ದು ವಿಂಡೋಸ್ ಫೋಲ್ಡರ್‌ನ ಒಳಗಿನ ಸಿಸ್ಟಮ್32ರಿಂದ. ಎಕ್ಸ್‌ಪ್ಲೋರರ್ ಮಾತ್ರ ನೇರವಾಗಿ ವಿಂಡೋಸ್ ಫೋಲ್ಡರ್‌ನಲ್ಲೇ ಇರುತ್ತದೆ. ಸಿಸ್‌ವಾವ್64 ಅನ್ನುವ ಫೋಲ್ಡರ್ ಕಂಡರೆ ಗಾಬರಿ ಬೇಡ, ಅದೂ ವಿಂಡೋಸ್‌ನದ್ದೇ. 64 ಬಿಟ್ ಫೈಲ್‌ಗಳು ಸಿಸ್ಟಮ್32ರಲ್ಲಿ, 32 ಬಿಟ್ ಫೈಲ್‌ಗಳು ಸಿಸ್‌ವಾವ್64ರಲ್ಲಿ. ಹೌದು, ಉಲ್ಟಾನೇ. ಹಳೆಯ ಪ್ರೋಗ್ರಾಂಗಳು ಕೆಡದಿರಲಿ ಅಂತ ಹಾಗೆ ಮಾಡಿದ್ದು. ಎಸ್‌ವಿಸಿಹೋಸ್ಟ್ ಹತ್ತಾರು ಸಲ ಓಡುತ್ತಿದ್ದರೂ ಸಹಜ. ಅದರ ಕಮಾಂಡ್ ಲೈನ್‌ನಲ್ಲಿ ಒಂದು ಅಡ್ಡಗೆರೆ, ಕೆ ಅಕ್ಷರ, ಅದರ ಮುಂದೆ ಗುಂಪಿನ ಹೆಸರು ಇರುತ್ತದೆ. ಅದೇ ಹೆಸರಿನ ಫೈಲ್ ಡೌನ್‌ಲೋಡ್ಸ್‌ನಿಂದಲೋ ಟೆಂಪ್‌ನಿಂದಲೋ ಓಡುತ್ತಿದ್ದರೆ ಮುಂದಿನ ಪರೀಕ್ಷೆಗಳು ಬರೀ ಔಪಚಾರಿಕ.

ಕೆಲವು ಸಲ ಫೈಲ್ ಅಪ್ಪಟ ಒಳ್ಳೆಯದೇ ಇರುತ್ತದೆ, ಮಾಡುತ್ತಿರುವ ಕೆಲಸ ಬೇರೆಯವರದ್ದು. ರನ್‌ಡಿಎಲ್‌ಎಲ್32, ಡಬ್ಲ್ಯುಸ್ಕ್ರಿಪ್ಟ್, ಎಂಎಸ್‌ಎಚ್‌ಟಿಎ, ಪವರ್‌ಶೆಲ್ ಇವೆಲ್ಲ ಕೂಲಿ ಆಳುಗಳಿದ್ದಂತೆ, ಹೇಳಿದ್ದನ್ನು ಮಾಡುತ್ತವೆ. ಇವುಗಳನ್ನು ಪರೀಕ್ಷಿಸಿ ಏನೂ ಸಿಗುವುದಿಲ್ಲ. ಕಮಾಂಡ್ ಲೈನ್‌ನಲ್ಲಿ ಯಾವ ಫೈಲ್ ಹೆಸರು ಕೊಟ್ಟಿದ್ದಾರೆ ಅಂತ ನೋಡಿ, ಆ ಫೈಲ್ ಹಿಂದೆ ಬೀಳಬೇಕು.

ತಂಗಿಯ ಫೈಲ್ ಇದ್ದದ್ದು ಆಪ್‌ಡೇಟಾದ ಒಳಗಿನ ರೋಮಿಂಗ್‌ನಲ್ಲಿ. ಆಪ್‌ಡೇಟಾ ಅಂದರೆ ಪ್ರೋಗ್ರಾಂಗಳು ಬಳಕೆದಾರರ ಹೆಸರಿನಲ್ಲಿ ತಮ್ಮ ಸಾಮಾನು ಇಟ್ಟುಕೊಳ್ಳುವ ಫೋಲ್ಡರ್. ಆಪ್‌ಡೇಟಾ ಅಂದ ಕೂಡಲೇ ವೈರಸ್ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡಿಸ್ಕಾರ್ಡ್, ಜೂಮ್, ವಿಎಸ್ ಕೋಡ್ ಇವೆಲ್ಲ ಅಲ್ಲೇ ಬಿಡಾರ ಹೂಡುತ್ತವೆ, ಯಾಕೆಂದರೆ ಅಲ್ಲಿ ಬರೆಯಲು ಅಡ್ಮಿನ್ ಅನುಮತಿ ಬೇಕಿಲ್ಲ. ಕಳ್ಳರಿಗೂ ಅದೇ ಕಾರಣಕ್ಕೆ ಇಷ್ಟ. ಹಾಗಾಗಿ ಆಪ್‌ಡೇಟಾ ಅನ್ನುವುದು ಅನುಮಾನಕ್ಕೆ ಜಾಗ ಕೊಡುತ್ತದೆ, ಅಷ್ಟೇ. ಆದರೆ ಇಲ್ಲಿ ಫೋಲ್ಡರ್‌ನಲ್ಲಿ ಆ ಒಂದು ಇಎಕ್ಸ್‌ಇ ಬಿಟ್ಟರೆ ಬೇರೇನೂ ಇರಲಿಲ್ಲ. ನಿಜವಾದ ಸಾಫ್ಟ್‌ವೇರ್‌ಗೆ ಸಾಮಾನ್ಯವಾಗಿ ಸಂಸಾರ ಇರುತ್ತದೆ. ಡಿಎಲ್‌ಎಲ್‌ಗಳು, ಭಾಷೆಯ ಫೈಲ್‌ಗಳು, ತೆಗೆದುಹಾಕುವ ಅನ್‌ಇನ್‌ಸ್ಟಾಲರ್, ಏನಾದರೂ ಒಂದು.

ಹೆಸರಿನ ಬಾಲ

ಓಡುತ್ತಿರುವ ಫೈಲ್ ಅಲ್ಲದೆ, ಯಾರೋ ಕಳಿಸಿದ ಫೈಲ್ ಬಗ್ಗೆ ಅನುಮಾನವಿದ್ದರೆ ಮೊದಲು ಬಾಲ ನೋಡಿ. ಬಾಲ ಅಂದರೆ ಎಕ್ಸ್‌ಟೆನ್ಷನ್, ಹೆಸರಿನ ಕೊನೆಯ ಚುಕ್ಕಿಯ ನಂತರದ ಅಕ್ಷರಗಳು. ವಿಂಡೋಸ್ ತಾನಾಗಿ ಅದನ್ನು ಮುಚ್ಚಿಡುತ್ತದೆ. 2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ಹೆಸರಿನಲ್ಲಿ ಹರಡಿದ ಐ ಲವ್ ಯೂ ಹುಳು ಗೆದ್ದದ್ದೇ ಹೀಗೆ. ಫೈಲ್‌ನ ಪೂರ್ತಿ ಹೆಸರಿನ ತುದಿಯಲ್ಲಿ ಮೊದಲು ಟಿಎಕ್ಸ್‌ಟಿ, ಕೊನೆಗೆ ವಿಬಿಎಸ್ ಇತ್ತು. ಕೊನೆಯದು ಮುಚ್ಚಿಹೋಗಿ ಜನರಿಗೆ ಕಂಡದ್ದು ಬರೀ ಟೆಕ್ಸ್ಟ್ ಫೈಲ್. ಇಷ್ಟು ವರ್ಷವಾದರೂ ಆ ಸೆಟ್ಟಿಂಗ್ ಹಾಗೇ ಇದೆ ಅಂದರೆ ನನಗೆ ಈಗಲೂ ಸೋಜಿಗ. ವಿಂಡೋಸ್ 11ರಲ್ಲಿ ಎಕ್ಸ್‌ಪ್ಲೋರರ್ ತೆಗೆದು ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿ.

ಇಎಕ್ಸ್‌ಇ ಒಂದೇ ಅಲ್ಲ. ಎಸ್‌ಸಿಆರ್, ಕಾಮ್, ಬ್ಯಾಟ್, ಸಿಎಂಡಿ, ಎಂಎಸ್‌ಐ, ಜೆಎಸ್, ವಿಬಿಎಸ್, ಎಚ್‌ಟಿಎ ಇವೂ ಓಡುತ್ತವೆ. ಶಾರ್ಟ್‌ಕಟ್ ಫೈಲ್ ಕೂಡ ಹಿಂದೆ ಏನನ್ನು ಬೇಕಾದರೂ ಓಡಿಸಬಹುದು. ಇನ್ನೊಂದು ಕೆಟ್ಟ ಆಟ ಇದೆ. ಅರೇಬಿಕ್, ಹೀಬ್ರೂ ಮುಂತಾದ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗಾಗಿ ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಇದೆ. ಅದನ್ನು ಹೆಸರಿನ ಮಧ್ಯೆ ತುರುಕಿದರೆ ಮುಂದಿನ ಅಕ್ಷರಗಳು ಹಿಂದುಮುಂದಾಗಿ ಕಾಣುತ್ತವೆ. ನಿಜಕ್ಕೂ ಇಎಕ್ಸ್‌ಇಯಲ್ಲಿ ಮುಗಿಯುವ ಹೆಸರು ಜೆಪಿಜಿಯಲ್ಲಿ ಮುಗಿದ ಹಾಗೆ ಕಾಣುತ್ತದೆ. ಇದಕ್ಕೆ ಮದ್ದು ಎಕ್ಸ್‌ಪ್ಲೋರರ್‌ನ ಟೈಪ್ ಕಾಲಂ. ಫೋಟೋ ಅಂದುಕೊಂಡ ಫೈಲ್ ಪಕ್ಕ ಅಪ್ಲಿಕೇಶನ್ ಅಂತಲೋ ಸ್ಕ್ರೀನ್ ಸೇವರ್ ಅಂತಲೋ ಬರೆದಿದ್ದರೆ ಮುಗಿಯಿತು.

ಇನ್ನೂ ಅನುಮಾನ ಇದ್ದರೆ ನೋಟ್‌ಪ್ಯಾಡ್ ತೆರೆದು, ಅದರ ಫೈಲ್ ಮೆನುವಿನಿಂದ ಆ ಫೈಲನ್ನು ತೆಗೆಯಿರಿ. ನೋಟ್‌ಪ್ಯಾಡ್ ಅದನ್ನು ಓಡಿಸುವುದಿಲ್ಲ, ಅಕ್ಷರ ಅಂದುಕೊಂಡು ತೋರಿಸುತ್ತದೆ. ಕಸದ ಹಾಗೆ ಕಾಣುವ ಅಕ್ಷರಗಳ ಮುಂದೆ ಮೊಟ್ಟಮೊದಲು ಎಂ ಮತ್ತು ಜೆಡ್ ಇದ್ದು, ಸ್ವಲ್ಪ ಕೆಳಗೆ 'ಈ ಪ್ರೋಗ್ರಾಂ ಡಾಸ್ ಮೋಡ್‌ನಲ್ಲಿ ನಡೆಯುವುದಿಲ್ಲ' ಅನ್ನುವ ಇಂಗ್ಲಿಷ್ ವಾಕ್ಯ ಕಂಡರೆ ಬಾಲ ಏನೇ ಇರಲಿ, ಅದು ಪ್ರೋಗ್ರಾಂ. ಆ ಎರಡಕ್ಷರ ಡಾಸ್ ಕಾಲದಲ್ಲಿ ಈ ಫೈಲ್ ರೂಪ ಮಾಡಿದ ಮಾರ್ಕ್ ಜಿಬಿಕೋವ್ಸ್ಕಿಯ ಹೆಸರಿನ ಮೊದಲಕ್ಷರಗಳು. ಪ್ರತಿ ಇಎಕ್ಸ್‌ಇಯ ಹಣೆಯ ಮೇಲೂ ಅವರ ಹೆಸರಿದೆ.

ಎಲ್ಲಿಂದ ಬಂತು

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು. ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಬ್ರೌಸರ್‌ನಿಂದ ಫೈಲ್ ಇಳಿಸಿದಾಗ ಅದರ ಬೆನ್ನಿಗೆ ಕಾಣದ ಒಂದು ಚೀಟಿ ಅಂಟಿಕೊಳ್ಳುತ್ತದೆ. ಹೆಸರು ಜೋನ್ ಐಡೆಂಟಿಫೈಯರ್. ವಿಂಡೋಸ್ ತನ್ನ ಡಿಸ್ಕ್‌ಗೆ ಬಳಸುವ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಮಾತ್ರ ಇರುತ್ತದೆ. ಫೈಲ್ ಇರುವ ಫೋಲ್ಡರ್‌ನಲ್ಲಿ ಪವರ್‌ಶೆಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆಗೆದು ಗೆಟ್-ಕಂಟೆಂಟ್, ಫೈಲ್ ಹೆಸರು, ಅಡ್ಡಗೆರೆ ಹಾಕಿ ಸ್ಟ್ರೀಮ್, ಆಮೇಲೆ ಜೋನ್ ಡಾಟ್ ಐಡೆಂಟಿಫೈಯರ್ ಅಂತ ಟೈಪ್ ಮಾಡಿ. ನಾಲ್ಕೈದು ಸಾಲು ಬರುತ್ತದೆ. ಜೋನ್ ಐಡಿ 3 ಅಂದರೆ ಇಂಟರ್ನೆಟ್‌ನಿಂದ ಬಂದದ್ದು. ಎಷ್ಟೋ ಸಲ ಅದರ ಕೆಳಗೆ ಹೋಸ್ಟ್ ಯುಆರ್‌ಎಲ್ ಮತ್ತು ರೆಫರರ್ ಯುಆರ್‌ಎಲ್ ಕೂಡ ಇರುತ್ತವೆ. ಅಂದರೆ ಯಾವ ವಿಳಾಸದಿಂದ ಇಳಿಯಿತು, ಯಾವ ಪುಟದಲ್ಲಿ ಕ್ಲಿಕ್ ಮಾಡಿದಿರಿ, ಎರಡೂ. ಆರು ತಿಂಗಳ ಹಿಂದೆ ಇಳಿಸಿ ಮರೆತ ಫೈಲ್‌ಗೂ ಇದು ಸಿಗುತ್ತದೆ.

ಚೀಟಿ ಇಲ್ಲ ಅಂದರೆ ಸಾಚಾ ಅಂತಲ್ಲ. ಪೆನ್‌ಡ್ರೈವ್‌ನಲ್ಲಿ ಹೋಗಿಬಂದರೆ ಉದುರಿಹೋಗುತ್ತದೆ, ಕೆಲವು ಜಿಪ್ ಸಾಫ್ಟ್‌ವೇರ್‌ಗಳು ಬಿಚ್ಚುವಾಗ ದಾಟಿಸುವುದಿಲ್ಲ. ಇನ್ನೊಂದು ಪ್ರೋಗ್ರಾಂ ಕೂತು ಬರೆದಿಟ್ಟ ಫೈಲ್‌ಗೆ ಸಾಮಾನ್ಯವಾಗಿ ಚೀಟಿ ಅಂಟುವುದೇ ಇಲ್ಲ.

ವಿನ್‌ಹೆಲ್ಪ್‌ಹೋಸ್ಟ್‌ಗೆ ಚೀಟಿ ಇರಲಿಲ್ಲ. ಹಾಗಾದರೆ ಬೇರೆ ಯಾರೋ ತಂದು ಇಟ್ಟಿದ್ದಾರೆ. ಯಾರು? ಫೈಲ್ ಹುಟ್ಟಿದ ಸಮಯ ನೋಡಿದೆವು. ಪ್ರಾಪರ್ಟೀಸ್‌ನಲ್ಲಿ ಕ್ರಿಯೇಟೆಡ್ ಅಂತ ಇರುತ್ತದೆ. ಒಂದು ಮಂಗಳವಾರ ಸಂಜೆ 6 ಗಂಟೆ 42 ನಿಮಿಷ. ಡೌನ್‌ಲೋಡ್ಸ್ ಫೋಲ್ಡರನ್ನು ದಿನಾಂಕದ ಪ್ರಕಾರ ಜೋಡಿಸಿದರೆ, ಅದೇ ಸಂಜೆ 6 ಗಂಟೆ 40ಕ್ಕೆ ಒಂದು ಸೆಟಪ್ ಫೈಲ್ ಇಳಿದಿದೆ.

"ಅಯ್ಯೋ, ಇದು ಪಿಡಿಎಫ್ ಜೋಡಿಸೋಕೆ ಅಂತ ಹಾಕಿದ್ದು. ಅವತ್ತು ಅಪ್ಲಿಕೇಶನ್ ಕಳಿಸ್ಬೇಕಿತ್ತಲ್ಲ" ಅಂದಳು.

ಅದರ ಚೀಟಿ ತೆಗೆದು ನೋಡಿದೆವು. ಹೋಸ್ಟ್ ಯುಆರ್‌ಎಲ್‌ನಲ್ಲಿ ಇದ್ದದ್ದು ಆ ಸಾಫ್ಟ್‌ವೇರ್ ಮಾಡಿದವರ ತಾಣ ಅಲ್ಲ. ಹೆಸರಿಗೆ ಒಂದು ಅಡ್ಡಗೆರೆ, ಒಂದು ಹೆಚ್ಚಿನ ಪದ ಸೇರಿಸಿ ಮಾಡಿದ ನಕಲಿ ತಾಣ. ಹುಡುಕಿದಾಗ ಮೇಲೆ ಬಂದ ಜಾಹೀರಾತನ್ನೇ ಒತ್ತಿದ್ದಾಳೆ.

ಸಮಯದ ಬಗ್ಗೆ ಎರಡು ಮಾತು. ಕ್ರಿಯೇಟೆಡ್‌ಗಿಂತ ಮಾಡಿಫೈಡ್ ಹಳೆಯದಾಗಿದ್ದರೆ ಏನೋ ಕಿತಾಪತಿ ಅಂತ ಕೆಲವರು ಹೆದರುತ್ತಾರೆ. ಫೈಲನ್ನು ನಕಲು ಮಾಡಿದಾಗ ಹಾಗಾಗುವುದು ಸಹಜ. ಹಾಗೇ, ಈ ಸಮಯಗಳನ್ನು ತಿದ್ದಲೂ ಬರುತ್ತದೆ. ಸುಳಿವು ಅಂತ ಇಟ್ಟುಕೊಳ್ಳಿ, ಪುರಾವೆ ಅಂತ ಅಲ್ಲ.

ಸಹಿ

ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಅಲ್ಲಿ ಡೀಟೇಲ್ಸ್ ಅಂತ ಒಂದು ಟ್ಯಾಬ್, ಡಿಜಿಟಲ್ ಸಿಗ್ನೇಚರ್ಸ್ ಅಂತ ಇನ್ನೊಂದು. ಡೀಟೇಲ್ಸ್‌ನಲ್ಲಿ ಕಂಪನಿ ಹೆಸರು, ಕಾಪಿರೈಟ್ ಎಲ್ಲ ಇರುತ್ತದೆ. ಅದು ಮಾಡಿದವರು ಬರೆದುಕೊಂಡದ್ದು, ಯಾರೂ ತಪಾಸಣೆ ಮಾಡುವುದಿಲ್ಲ. ಸಹಿ ಹಾಗಲ್ಲ. ಅದರ ಹಿಂದೆ ಪ್ರಮಾಣಪತ್ರ ಕೊಟ್ಟವರೊಬ್ಬರು ಇರುತ್ತಾರೆ, ಸಹಿಯಾದ ಮೇಲೆ ಫೈಲ್‌ನಲ್ಲಿ ಒಂದು ಬೈಟ್ ತಿದ್ದಿದರೂ ಗೊತ್ತಾಗುತ್ತದೆ. ಸಹಿಯ ಹೆಸರು ಆರಿಸಿ, ಡೀಟೇಲ್ಸ್ ಒತ್ತಿ, ಸಹಿ ಸರಿಯಿದೆ ಅನ್ನುವ ಸಾಲು ಬರುತ್ತದಾ ನೋಡಿ. ಪಟ್ಟಿಯಲ್ಲಿ ಹೆಸರು ಕಂಡಿತು ಅಂತ ಅಲ್ಲಿಗೇ ಬಿಡಬೇಡಿ.

ಇಲ್ಲಿ ಒಂದು ಗುಂಡಿ ಇದೆ, ಕಲಿತವರೂ ಬೀಳುತ್ತಾರೆ. ವಿಂಡೋಸ್‌ನದ್ದೇ ಎಷ್ಟೋ ಫೈಲ್‌ಗಳಿಗೆ ಆ ಟ್ಯಾಬೇ ಕಾಣುವುದಿಲ್ಲ. ಸಹಿ ಇಲ್ಲ ಅಂತಲ್ಲ, ಅದು ಫೈಲ್ ಒಳಗಿಲ್ಲದೆ ಬೇರೆ ಕಡೆ ಕ್ಯಾಟಲಾಗ್‌ನಲ್ಲಿ ಇರುತ್ತದೆ. ಹಾಗಾಗಿ ಸಿಸ್ಟಮ್32ರ ಫೈಲ್‌ಗೆ ಟ್ಯಾಬ್ ಇಲ್ಲ ಅಂತ ಕೂಗಾಡುವ ಮೊದಲು ಪವರ್‌ಶೆಲ್‌ನಲ್ಲಿ ಗೆಟ್-ಆಥೆಂಟಿಕೋಡ್‌ಸಿಗ್ನೇಚರ್ ಕೊಟ್ಟು ನೋಡಿ. ಅದು ಕ್ಯಾಟಲಾಗನ್ನೂ ಹುಡುಕುತ್ತದೆ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಎಂಬ ಸಾಧನಗಳ ಗುಚ್ಛದಲ್ಲಿರುವ ಸಿಗ್‌ಚೆಕ್ ಕೂಡ ಇದನ್ನು ಮಾಡುತ್ತದೆ.

ಸಹಿ ಇದೆ ಅಂದರೆ ಯಾರದ್ದು ಅಂತ ಗೊತ್ತಾಯಿತು, ಅಷ್ಟೇ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಹುಳುವಿನ ಡ್ರೈವರ್‌ಗಳ ಮೇಲೆ ರಿಯಲ್‌ಟೆಕ್‌ನ ಅಸಲಿ ಸಹಿಯೇ ಇತ್ತು, ಕದ್ದ ಕೀಲಿಯಿಂದ ಹಾಕಿದ್ದು. 2017ರಲ್ಲಿ ಕಂಪ್ಯೂಟರಿನ ಕಸ ಗುಡಿಸುವ ಸಿಕ್ಲೀನರ್ ಸಾಫ್ಟ್‌ವೇರ್‌ನ 5.33ನೇ ಆವೃತ್ತಿಯೊಳಗೆ ಕಳ್ಳರು ತಮ್ಮ ಕೋಡ್ ಸೇರಿಸಿದ್ದರು. ಅದು ಕಂಪನಿಯ ತಾಣದಿಂದಲೇ, ಕಂಪನಿಯ ಸಹಿಯೊಂದಿಗೇ ಸುಮಾರು 22.7 ಲಕ್ಷ ಕಂಪ್ಯೂಟರ್‌ಗಳಿಗೆ ಹೋಯಿತು. ಇವು ಅಪರೂಪ. ಆದರೂ ಸಹಿ ಕಂಡ ಕೂಡಲೇ ಕೈಮುಗಿಯಬೇಡಿ.

ಸಹಿ ಇಲ್ಲದ್ದೆಲ್ಲ ಕೆಟ್ಟದ್ದೂ ಅಲ್ಲ. ಪ್ರಮಾಣಪತ್ರಕ್ಕೆ ದುಡ್ಡು ಕೊಡಬೇಕು. ಒಬ್ಬರೇ ಕೂತು ಬರೆಯುವ ಉಚಿತ ಸಾಫ್ಟ್‌ವೇರ್‌ಗಳು ಎಷ್ಟೋ ಸಹಿ ಇಲ್ಲದೇ ಬರುತ್ತವೆ.

ತಂಗಿಯ ಫೈಲ್‌ನಲ್ಲಿ ನನಗೆ ಖಚಿತವಾದದ್ದು ಈ ಎರಡು ಟ್ಯಾಬ್ ಒಟ್ಟಿಗೆ ನೋಡಿದಾಗ. ಡೀಟೇಲ್ಸ್‌ನಲ್ಲಿ ಕಂಪನಿ ಹೆಸರು ಮೈಕ್ರೋಸಾಫ್ಟ್. ಸಹಿ ಒಳಗೂ ಇಲ್ಲ, ಕ್ಯಾಟಲಾಗ್‌ನಲ್ಲೂ ಇಲ್ಲ. ಹೆಸರು ಹೇಳದೆ ಬಂದವರನ್ನು ವಿಚಾರಿಸಬಹುದು. ಸುಳ್ಳು ಹೆಸರು ಹೇಳಿಕೊಂಡು ಬಂದವರಿಗೆ ಬಾಗಿಲು ತೆಗೆಯುವುದಿಲ್ಲ ಅಲ್ವಾ.

ಹ್ಯಾಶ್ ಮತ್ತು ವೈರಸ್‌ಟೋಟಲ್

ಹ್ಯಾಶ್ ಅಂದರೆ ಫೈಲ್‌ನ ಬೆರಳಚ್ಚು. ಶಾ-256 ಆದರೆ 64 ಅಕ್ಷರ. ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಬರೆದು ಫೈಲ್ ಹೆಸರು ಕೊಟ್ಟರೆ ಬರುತ್ತದೆ. 7-ಜಿಪ್ ಹಾಕಿಕೊಂಡಿದ್ದರೆ ರೈಟ್ ಕ್ಲಿಕ್ ಮೆನುವಿನಲ್ಲೇ ಸಿಗುತ್ತದೆ. ಸಾಫ್ಟ್‌ವೇರ್ ಮಾಡಿದವರು ತಮ್ಮ ತಾಣದಲ್ಲಿ ಹ್ಯಾಶ್ ಹಾಕಿದ್ದರೆ ಹೋಲಿಸಿ ನೋಡಿ.

ವೈರಸ್‌ಟೋಟಲ್ 2004ರಲ್ಲಿ ಶುರುವಾದದ್ದು, 2012ರಿಂದ ಗೂಗಲ್‌ನ ಕೈಯಲ್ಲಿದೆ. ಒಂದು ಫೈಲನ್ನು ಸುಮಾರು 70 ಆಂಟಿವೈರಸ್‌ಗಳಿಗೆ ಒಟ್ಟಿಗೆ ತೋರಿಸುತ್ತದೆ. ಜನ ಮಾಡುವ ತಪ್ಪು ಅಂದರೆ ನೇರ ಫೈಲನ್ನೇ ಅಪ್‌ಲೋಡ್ ಮಾಡುವುದು. ಅಲ್ಲಿಗೆ ಹಾಕಿದ ಫೈಲ್ ಭದ್ರತಾ ಕಂಪನಿಗಳ ಜೊತೆ ಹಂಚಿಕೆಯಾಗುತ್ತದೆ. ಕಚೇರಿಯ ಒಳಗಿನ ಪ್ರೋಗ್ರಾಂ, ಯಾರದೋ ದಾಖಲೆ ಇರುವ ಫೈಲ್ ಹಾಕಿದರೆ ವಾಪಸ್ ಬರುವುದಿಲ್ಲ. ಹಾಗಾಗಿ ಮೊದಲು ಹ್ಯಾಶ್ ಮಾತ್ರ ಹುಡುಕಿ. ಬೇರೆ ಯಾರಾದರೂ ಆಗಲೇ ಹಾಕಿದ್ದರೆ ಫಲಿತಾಂಶ ಅಲ್ಲೇ ಇರುತ್ತದೆ.

ಫಲಿತಾಂಶ ಓದುವುದರಲ್ಲಿದೆ ಜಾಣತನ. 70ರಲ್ಲಿ 2 ಕೆಂಪು ಅಂದ ಮಾತ್ರಕ್ಕೆ ವೈರಸ್ ಅಲ್ಲ, 0 ಅಂದ ಮಾತ್ರಕ್ಕೆ ಒಳ್ಳೆಯದೂ ಅಲ್ಲ. ನಾನೇ ಒಮ್ಮೆ ಫೈಲ್‌ಗಳ ಹೆಸರು ಬದಲಾಯಿಸಲು ಪೈಥಾನ್‌ನಲ್ಲಿ ಮೂವತ್ತು ಸಾಲು ಬರೆದು, ಪೈಇನ್‌ಸ್ಟಾಲರ್‌ನಿಂದ ಇಎಕ್ಸ್‌ಇ ಮಾಡಿದೆ. ವೈರಸ್‌ಟೋಟಲ್‌ನಲ್ಲಿ ಐದು ಕಂಪನಿಗಳು ಅದನ್ನು ಟ್ರೋಜನ್, ಅಂದರೆ ಒಳ್ಳೆಯ ವೇಷ ಹಾಕಿದ ಕೆಟ್ಟ ಪ್ರೋಗ್ರಾಂ, ಅಂದವು. ಆ ಮೂವತ್ತು ಸಾಲಿನಲ್ಲಿ ಟ್ರೋಜನ್ ಬಚ್ಚಿಡುವಷ್ಟು ಬುದ್ಧಿ ನನಗಿಲ್ಲ. ಆ ಥರ ಮಾಡಿದ ಇಎಕ್ಸ್‌ಇಗಳೆಲ್ಲ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಕಳ್ಳರೂ ಅದನ್ನೇ ಬಳಸುತ್ತಾರೆ, ಅದಕ್ಕೇ ಈ ಗೊಂದಲ.

ಸಂಖ್ಯೆಗಿಂತ ಯಾವ ಹೆಸರು ಕೊಟ್ಟಿದ್ದಾರೆ ಅಂತ ನೋಡಿ. ಜೆನೆರಿಕ್, ಹ್ಯೂರಿಸ್ಟಿಕ್, ಎಂಎಲ್ ಅಂತ ಇದ್ದರೆ 'ನೋಡೋಕೆ ಯಾಕೋ ಸರಿಯಿಲ್ಲ' ಅನ್ನುವ ಅರ್ಥ. ಪಿಯುಎ ಅಂದರೆ ಬೇಡದ ಜಾಹೀರಾತು ಥರದ್ದು. ಹತ್ತು ಕಂಪನಿಗಳು ಒಂದೇ ಕುಟುಂಬದ ಹೆಸರು ಹೇಳುತ್ತಿದ್ದರೆ ಅದು ಗಟ್ಟಿ. ಡೀಟೇಲ್ಸ್ ಪುಟದಲ್ಲಿ ಮೊದಲು ಯಾವಾಗ ಸಿಕ್ಕಿತು ಅನ್ನುವ ದಿನಾಂಕವನ್ನೂ ನೋಡಿ. ಮೂರು ವರ್ಷದಿಂದ ಇದ್ದು ಈಗಲೂ 1 ಅಥವಾ 2 ಮಾತ್ರ ಇದ್ದರೆ ಬಹುಶಃ ಸುಳ್ಳು ಎಚ್ಚರಿಕೆ. ನಿನ್ನೆ ಮೊದಲ ಸಲ ಕಂಡದ್ದಾದರೆ 0 ಇದ್ದರೂ ಎರಡು ದಿನ ಬಿಟ್ಟು ಮತ್ತೆ ನೋಡಿ.

ಹ್ಯಾಶ್ ಸಿಗಲೇ ಇಲ್ಲ ಅಂದರೆ? ಸಾಫ್ಟ್‌ವೇರ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ನಿಮ್ಮ ಸಹೋದ್ಯೋಗಿ ಬರೆದುಕೊಟ್ಟ ಪ್ರೋಗ್ರಾಂ ಆದರೆ ಸಹಜ. ಲಕ್ಷಾಂತರ ಜನ ಬಳಸುವ ಸಾಫ್ಟ್‌ವೇರ್ ಅಂತ ಹೇಳಿಕೊಳ್ಳುವ ಫೈಲ್‌ನ ಹ್ಯಾಶ್ ಯಾರಿಗೂ ಗೊತ್ತಿಲ್ಲ ಅಂದರೆ ಅದೇ ಒಂದು ಅನುಮಾನ. ಕಳ್ಳರು ಒಬ್ಬೊಬ್ಬರಿಗೂ ಒಂದೊಂದು ಬೈಟ್ ಬದಲಿಸಿ ಹೊಸ ಬೆರಳಚ್ಚು ಮಾಡಿ ಕೊಡುತ್ತಾರೆ.

ವಿನ್‌ಹೆಲ್ಪ್‌ಹೋಸ್ಟ್‌ನ ಹ್ಯಾಶ್ ಸಿಗಲಿಲ್ಲ. ಅಪ್‌ಲೋಡ್ ಮಾಡೋಣ ಅಂದರೆ ವೈರಸ್‌ಟೋಟಲ್‌ನ ಮಿತಿ 650 ಎಂಬಿ, ಫೈಲ್ 700. ಇಷ್ಟು ದಪ್ಪ ಯಾಕೆ ಅನ್ನುವುದಕ್ಕೆ ಉತ್ತರ ಅಲ್ಲೇ ಇತ್ತು. ಅದನ್ನು ಜಿಪ್ ಮಾಡಿದೆ. 4 ಎಂಬಿಗೆ ಇಳಿಯಿತು! ಬಾಕಿಯೆಲ್ಲ ಬರೀ ಸೊನ್ನೆ. ಸ್ಕ್ಯಾನರ್‌ಗಳಿಗೆ ನುಂಗಲಾಗದಿರಲಿ ಅಂತ ಗಾಳಿ ತುಂಬಿ ಉಬ್ಬಿಸಿದ್ದಾರೆ. ಆ ಸೆಟಪ್ ಫೈಲ್‌ನ ಹ್ಯಾಶ್ ಹಾಕಿ ನೋಡಿದರೆ ಅದು ಆಗಲೇ ಅಲ್ಲಿತ್ತು, 41 ಕೆಂಪು. ಅರ್ಧಕ್ಕರ್ಧ ಜನ ಮೈನರ್ ಅಂತಲೇ ಹೇಳಿದ್ದರು.

ಓಡಿಸಿ ನೋಡೋಣ್ವಾ ಅನ್ನುವವರಿಗೆ: ಪ್ರೊ ಆವೃತ್ತಿಯಲ್ಲಿ ವಿಂಡೋಸ್ ಸ್ಯಾಂಡ್‌ಬಾಕ್ಸ್ ಇದೆ, ಹೋಮ್‌ನಲ್ಲಿ ಇಲ್ಲ. ಮುಚ್ಚಿದ ಕೂಡಲೇ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಆದರೆ ಬುದ್ಧಿವಂತ ಮಾಲ್‌ವೇರ್ ತಾನು ಬೋನಿನಲ್ಲಿದ್ದೇನೆ ಅಂತ ತಿಳಿದು ಸಾಧು ಆಗಿಬಿಡುತ್ತದೆ. ಅಲ್ಲಿ ಏನೂ ಆಗಲಿಲ್ಲ ಅಂತ ಹೊರಗೆ ಓಡಿಸಬೇಡಿ.

ಎಬ್ಬಿಸುವವರು ಯಾರು

ಫೈಲ್ ಕೆಟ್ಟದ್ದು ಅಂತ ಗೊತ್ತಾಯಿತು. ದಿನಾ ಅದನ್ನು ಎಬ್ಬಿಸುತ್ತಿರುವವರು ಯಾರು? ತಾನಾಗಿ ಶುರುವಾಗುವ ಪ್ರೋಗ್ರಾಂಗಳನ್ನೆಲ್ಲ ಪಟ್ಟಿ ಮಾಡುವ ಆಟೋರನ್ಸ್ ಬಿಟ್ಟರೆ ಇದಕ್ಕೆ ಬೇರೆ ಸಾಧನ ನಾನು ಬಳಸುವುದಿಲ್ಲ. ಇದೂ ಸಿಸ್‌ಇಂಟರ್ನಲ್ಸ್‌ನದ್ದೇ. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಈ ಸಾಧನಗಳ ಗುಚ್ಛವನ್ನು 2006ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಅಲ್ಲಿಂದಲೇ ಇಳಿಸಿಕೊಳ್ಳಿ.

ಅಡ್ಮಿನ್ ಆಗಿ ತೆರೆದು, ಆಪ್ಷನ್ಸ್‌ನಲ್ಲಿ 'ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್' ಒತ್ತಿ. ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಸಹಿ ಪರಿಶೀಲನೆ ಆನ್ ಮಾಡಿ. ನೂರಾರು ಸಾಲು ಹೋಗಿ ಕೆಲವೇ ಉಳಿಯುತ್ತವೆ. ತೆಳು ಗುಲಾಬಿ ಬಣ್ಣದ್ದಾದರೆ ಯಾರದ್ದು ಅಂತ ಖಾತ್ರಿಯಿಲ್ಲ. ಹಳದಿ ಆದರೆ ಸಾಲು ಇದೆ, ಫೈಲ್ ಇಲ್ಲ. ಹಳದಿ ಬಹಳ ಸಲ ಹಳೆಯ ಸಾಫ್ಟ್‌ವೇರ್‌ನ ಪಳೆಯುಳಿಕೆ. ಗುಲಾಬಿಯಲ್ಲಿ ನಿಮ್ಮ ಪ್ರಿಂಟರ್‌ನ ಹಳೆಯ ಸಾಫ್ಟ್‌ವೇರ್ ಕೂಡ ಇರಬಹುದು, ಸಿಕ್ಕಿದ್ದಕ್ಕೆಲ್ಲ ಕತ್ತರಿ ಹಾಕಬೇಡಿ. ಸಾಲನ್ನು ಡಿಲೀಟ್ ಮಾಡುವ ಬದಲು ಟಿಕ್ ತೆಗೆಯಿರಿ. ತಪ್ಪಾದರೆ ಮತ್ತೆ ಹಾಕಬಹುದು.

ಶೆಡ್ಯೂಲ್ಡ್ ಟಾಸ್ಕ್ಸ್ ಟ್ಯಾಬ್‌ನಲ್ಲಿ ವಿನ್‌ಹೆಲ್ಪ್‌ಹೋಸ್ಟ್ ಗುಲಾಬಿ ಬಣ್ಣದಲ್ಲಿ ಕೂತಿತ್ತು. ವೈಫೈ ಆಫ್ ಮಾಡಿ ಟಿಕ್ ತೆಗೆದೆವು. ಫೈಲ್ ಹೆಸರಿನ ಬಾಲ ಬದಲಾಯಿಸಿ ಬೇರೆ ಫೋಲ್ಡರ್‌ಗೆ ಹಾಕಿದೆವು. ರೀಸ್ಟಾರ್ಟ್. ಫ್ಯಾನ್ ತಣ್ಣಗೆ. ತಂಗಿ ಕಾಫಿ ತರಲು ಒಳಗೆ ಹೋದಳು. ಸ್ಯಾಂಪಲ್ ಅಪ್‌ಲೋಡ್ ಮಾಡೋಣ ಅಂತ ನಾನು ವೈಫೈ ಆನ್ ಮಾಡಿದೆ. ಕಾಫಿ ಬರುವಷ್ಟರಲ್ಲಿ ಫ್ಯಾನ್ ಮತ್ತೆ ಬುಸುಗುಟ್ಟಿತು. ಅದೇ ಫೋಲ್ಡರ್, ಅದೇ ಹೆಸರು, ಹೊಸ 700 ಎಂಬಿ ಫೈಲ್.

ತಪ್ಪು ನನ್ನದೇ. ಆಟೋರನ್ಸ್‌ನಲ್ಲಿ ಒಂದು ಸಾಲು ಸಿಕ್ಕ ಖುಷಿಗೆ ಉಳಿದದ್ದು ನೋಡಿರಲಿಲ್ಲ. ಲಾಗಾನ್ ಟ್ಯಾಬ್‌ನಲ್ಲಿ ಡಬ್ಲ್ಯುಸ್ಕ್ರಿಪ್ಟ್ ಓಡುತ್ತಿತ್ತು. ಅದು ಮೈಕ್ರೋಸಾಫ್ಟ್ ಫೈಲ್, ಹಾಗಾಗಿ ಬಣ್ಣ ಬಂದಿರಲಿಲ್ಲ. ಕಮಾಂಡ್ ಲೈನ್ ಓದಿದರೆ ಪ್ರೋಗ್ರಾಂಡೇಟಾದ ಒಳಗಿನ ಒಂದು ವಿಬಿಎಸ್ ಫೈಲ್. ಮೈನರ್ ಕಾಣೆಯಾದರೆ ಮತ್ತೆ ಇಳಿಸಿ ಕೂರಿಸುವುದು ಅದರ ಕೆಲಸ. ಮೇಲೆ ಕೂಲಿ ಆಳು ಅಂದೆನಲ್ಲ, ಅದೇ.

ಎರಡು ಪ್ರೋಗ್ರಾಂ ಒಂದನ್ನೊಂದು ಕಾಯುತ್ತಿದ್ದರೆ ಒಂದನ್ನು ಕೊಂದಾಗ ಇನ್ನೊಂದು ಎಬ್ಬಿಸುತ್ತದೆ. ಆಗ ಸಿಸ್‌ಇಂಟರ್ನಲ್ಸ್‌ನದ್ದೇ ಇನ್ನೊಂದು ಸಾಧನವಾದ ಪ್ರೋಸೆಸ್ ಎಕ್ಸ್‌ಪ್ಲೋರರ್‌ನಲ್ಲಿ ಎರಡನ್ನೂ ಮೊದಲು ಸಸ್ಪೆಂಡ್ ಮಾಡಿ, ಆಮೇಲೆ ಕೊಲ್ಲಿ. ಮಲಗಿಸಿದರೆ ಕಾವಲುಗಾರನಿಗೆ ಗೊತ್ತಾಗುವುದಿಲ್ಲ.

ಆಂಟಿವೈರಸ್ ಯಾಕೆ ಸುಮ್ಮನಿತ್ತು

ಇದು ತಂಗಿಯ ಪ್ರಶ್ನೆ. "ಡಿಫೆಂಡರ್ ಆನ್ ಇತ್ತಲ್ವಾ?"

ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಅದು, ಆನ್ ಇತ್ತು. ವಿಂಡೋಸ್ ಸೆಕ್ಯುರಿಟಿ ತೆಗೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಷನ್ಸ್‌ಗೆ (ಸ್ಕ್ಯಾನ್ ಮಾಡದೆ ಬಿಡಬೇಕಾದ ಜಾಗಗಳ ಪಟ್ಟಿ) ಹೋಗಿ ನೋಡಿದೆವು. ಆಪ್‌ಡೇಟಾ ಮತ್ತು ಪ್ರೋಗ್ರಾಂಡೇಟಾ ಎರಡೂ ಫೋಲ್ಡರ್ ಪಟ್ಟಿಯಲ್ಲಿದ್ದವು. ಆ ಸೆಟಪ್ ಓಡಿದಾಗ 'ಈ ಆ್ಯಪ್ ಬದಲಾವಣೆ ಮಾಡಲು ಬಿಡುತ್ತೀರಾ' ಅಂತ ವಿಂಡೋಸ್ ಕೇಳಿದೆ, ಇವಳು ಯೆಸ್ ಒತ್ತಿದ್ದಾಳೆ. ಆ ಒಂದು ಅನುಮತಿಯಲ್ಲಿ ಅದು ಮೊದಲು ಮಾಡಿದ ಕೆಲಸ, ಈ ಎರಡು ಫೋಲ್ಡರ್ ಕಡೆ ನೋಡಬೇಡ ಅಂತ ಡಿಫೆಂಡರ್‌ಗೆ ಹೇಳಿದ್ದು. ನೀವು ಹಾಕದ ಎಕ್ಸ್‌ಕ್ಲೂಷನ್ ಕಂಡರೆ ಬೇರೆ ಸಾಕ್ಷಿ ಹುಡುಕುತ್ತಾ ಕೂರಬೇಡಿ.

ಅವನ್ನು ತೆಗೆದು, ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಹಾಕಿದೆವು. ಇದು ವಿಂಡೋಸ್ ಏಳುವ ಮೊದಲೇ ನಡೆಯುತ್ತದೆ, ಕಾಲು ಗಂಟೆಯ ಕೆಲಸ. ಮೈನರ್, ವಿಬಿಎಸ್ ಎರಡನ್ನೂ ಹಿಡಿಯಿತು. ಜೊತೆಗೆ ನಮ್ಮ ಕಣ್ಣಿಗೆ ಬೀಳದ ಒಂದು ಡಿಎಲ್‌ಎಲ್, ಪಾಸ್‌ವರ್ಡ್ ಕದಿಯುವ ಜಾತಿಯದ್ದು.

ಅಲ್ಲಿಗೆ ನಾನು ಸ್ವಚ್ಛ ಮಾಡುವ ಪ್ರಯತ್ನ ಬಿಟ್ಟೆ. ಅಡ್ಮಿನ್ ಅನುಮತಿ ಸಿಕ್ಕ ಮಾಲ್‌ವೇರ್ ಇನ್ನೇನು ಬಿಟ್ಟುಹೋಗಿದೆ ಅಂತ ಖಚಿತವಾಗಿ ಹೇಳುವ ಸಾಧನ ನನ್ನ ಹತ್ತಿರ ಇಲ್ಲ. ತಂಗಿ ತನ್ನ ಫೋನಿನಿಂದ ಇಮೇಲ್ ಪಾಸ್‌ವರ್ಡ್ ಮೊದಲು, ಆಮೇಲೆ ಬ್ಯಾಂಕಿನದ್ದು, ಆಮೇಲೆ ಉಳಿದವು ಬದಲಾಯಿಸಿದಳು. ಪ್ರತಿಯೊಂದರಲ್ಲೂ 'ಎಲ್ಲ ಸಾಧನಗಳಿಂದ ಸೈನ್ ಔಟ್' ಒತ್ತಿಸಿದೆ. ನೀವು ಲಾಗಿನ್ ಆಗಿದ್ದೀರಿ ಅನ್ನುವ ಗುರುತು ಇಟ್ಟುಕೊಂಡಿರುವ ಬ್ರೌಸರ್‌ನ ಕುಕೀ ಕದ್ದಿದ್ದರೆ ಪಾಸ್‌ವರ್ಡ್ ಬದಲಿಸಿದರೂ ಕಳ್ಳ ಒಳಗೇ ಕೂತಿರಬಹುದು, ಅದಕ್ಕೆ. ಲ್ಯಾಪ್‌ಟಾಪ್‌ನಲ್ಲಿ ಕೂತು ಪಾಸ್‌ವರ್ಡ್ ಬದಲಾಯಿಸಿದ್ದರೆ ಹೊಸದನ್ನೂ ಕೈಯಾರೆ ಕೊಟ್ಟ ಹಾಗಾಗುತ್ತಿತ್ತು.

ಸಂಜೆ ನನ್ನ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಪೆನ್‌ಡ್ರೈವ್ ತಯಾರಿಸಿ, ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆವು. ಬ್ಯಾಕಪ್‌ನಿಂದ ಫೋಟೋ ಮತ್ತು ದಾಖಲೆಗಳನ್ನು ಮಾತ್ರ ವಾಪಸ್ ತಂದೆವು, ಅದೂ ಟೈಪ್ ಕಾಲಂ ನೋಡಿಕೊಂಡು. ಹಳೆಯ ಸೆಟಪ್ ಫೈಲ್‌ಗಳು ಒಂದೂ ಬರಲಿಲ್ಲ.